ಹಿಂದಕ್ಕೆ ತಿರುಗಿದ ಸೆಲ್ಫ್ ಮೋಟಾರು

ತಮ್ಮಾ ಮಲ್ಲೇಶಿ,

ನಾವು ಆರಾಮ, ನೀನು ಹೇಗಿದ್ದೀ ಎಂದು ಕೇಳಿ ಪತ್ರ ಶುರು ಮಾಡುವುದು ರೂಢಿ. ನಾವೇನೋ ತಿಕೋಟಾದಲ್ಲಿ ಇದ್ದ ಹಾಗೆ ಇದ್ದೇವೆ. ನಿನ್ನನ್ನು ಏನೆಂದು ಕೇಳಲಿ? ಅದಕ್ಕೆ ಬೇರೆಯದೇ ಒಂದು ಮಾತು ಕೇಳುತ್ತೇನೆ. ಬ್ಯಾಟರಿಯ ಎರಡೂ ತಂತಿ ಅದಲುಬದಲು ಮಾಡಿದರೂ ಗಾಡಿಯ ಎಂಜಿನ್ನು ಎಬ್ಬಿಸುವ ಸೆಲ್ಫ್ ಮೋಟಾರು ಅದೇ ದಿಕ್ಕಿಗೆ ಯಾಕೆ ತಿರುಗುತ್ತದೆ? ನಾನು ನಾಲ್ಕನೆಯ ಇಯತ್ತೆ ಓದಿದವನು, ಬಾವಿಯ ಎಂಜಿನ್ನು ಬಿಚ್ಚಿ ಜೋಡಿಸಿ ನಾಲ್ಕು ಅಕ್ಷರ ಕಲಿತವನು. ನೀನಿದ್ದರೆ ಮೊದಲು ಹೊಟ್ಟೆ ಹಿಡಿದು ನಗುತ್ತಿದ್ದೆ, ಆಮೇಲೆ ಹೇಳುತ್ತಿದ್ದೆ. ಈಗ ನಗುವವರೂ ಇಲ್ಲ, ಹೇಳುವವರೂ…

ನೀನು ಆ ಗಾಡಿ ಕೂಡಿಸುತ್ತಿದ್ದಾಗ ಬೇವಿನ ಗಿಡದ ಕೆಳಗೆ ನೆರೆಯುತ್ತಿದ್ದ ಮಂದಿ ನೆನಪಾಗುತ್ತಾರೆ. ಎಂಜಿನ್ನು ಮಿಲಿಟರಿಯವರು ಹರಾಜು ಹಾಕಿದ ಜೀಪಿನದು, ಚಾಸಿ ಯಾವುದೋ ಹಳೆಯ ಇಂಗ್ಲಿಷ್ ಕಾರಿನದು, ಮೈ ವಿಜಾಪುರದ ತಗಡು ಬಡಿಯುವವನ ಕೈಯದು. "ಮಲ್ಲೇಶಿ, ಇದಕ್ಕ ತಾಯಿ ಯಾರು, ತಂದಿ ಯಾರು?" ಎಂದು ಒಬ್ಬ ಕೇಳಿದ್ದಕ್ಕೆ, "ನಡದ ಮ್ಯಾಲೆ ಎಲ್ಲಾರೂ ನಂದಾ ಅಂತೀರಿ, ತಡೀರಿ" ಎಂದೆಯಲ್ಲ. ಹಾಗೇ ಆಯಿತು. ನಿನ್ನ ಹೆಂಡತಿ ಶಾಂತವ್ವ ನರ್ಸಬಾಯಿಯ ಕೆಲಸಕ್ಕೆ ಹಳ್ಳಿಹಳ್ಳಿ ತಿರುಗುವವಳು. ಬಾಣಂತನದ ಕರೆ ಬಂದರೆ ನೀನು ಆಕೆಯನ್ನು ಕೂಡಿಸಿಕೊಂಡು ಹೊರಟೇಬಿಡುತ್ತಿದ್ದೆ. ಬಬಲೇಶ್ವರದ ತನಕ ಆ ಗಾಡಿಯ ಸಪ್ಪಳ ಕೇಳಿ ಜನ ದಾರಿ ಬಿಡುತ್ತಿದ್ದರು. ಸೆಲ್ಫ್ ಮೋಟಾರಿನ ಸುರುಳಿ ಸುಟ್ಟ ಮೇಲೂ ನೀನು ಎಂಜಿನ್ನಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ, ಕೈಯಿಂದ ಹೊಡೆದೇ ನಡೆಸಿದೆ. ಒಮ್ಮೆ ಆ ಹ್ಯಾಂಡಲ್ಲು ಹಿಂದಕ್ಕೆ ಒದ್ದು ನಿನ್ನ ಮಣಿಕಟ್ಟು ಮುರಿಯಿತು. ಆಗಲೂ ನಕ್ಕೆ. ಕಾಮಣಿಯಾಗಿ, ಕಣ್ಣು ಹಳದಿಯಾಗಿ ಹಾಸಿಗೆ ಹಿಡಿದ ಮೇಲೆ ಮಾತ್ರ ನಗಲಿಲ್ಲ, ಏಳಲೂ ಇಲ್ಲ.

ನೀನು ಹೋದ ಮೇಲೆ ಬಿಜ್ಜರಗಿಯ ಬಾಣಂತನದ ಕರೆಗೆ ಹೋಗಿ ಶಾಂತವ್ವ ಚಕ್ಕಡಿಯಲ್ಲಿ ಮರಳಿ ಬಂದ ಆ ಸಂಜೆಯನ್ನು ನಿನಗೆ ಹೇಳಲೇಬೇಕು. ಎತ್ತು ಎಷ್ಟು ಓಡಿದರೂ ಎತ್ತೇ ಅಲ್ಲವೇ? ಆಕೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಬಂದವಳು ಕೈಕಾಲು ತೊಳೆಯಲಿಲ್ಲ, ಉಣ್ಣಲಿಲ್ಲ. ಗಿಡದ ಕೆಳಗೆ ಧೂಳು ತಿನ್ನುತ್ತ ನಿಂತ ನಿನ್ನ ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಆಮೇಲೆ ಅವ್ವನ ಮುಂದೆ ಒಂದೇ ಮಾತು: "ಅತ್ತೀ, ಗಾಡಿ ನಾ ನಡಸ್ತೀನ್ರಿ. ಅವರು ತೊರವಿ ಬಯಲಾಗ ನನಗ ಕಲಿಸ್ಯಾರ." ನೀನು ಇದನ್ನು ನಮಗ್ಯಾರಿಗೂ ಹೇಳಿರಲಿಲ್ಲವಲ್ಲೋ!

ಅಪ್ಪ ಅಂದು ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿದ. "ಮಲ್ಲೇಶಿನ ಕೈ ಮುರೀತು ಆ ಹ್ಯಾಂಡಲ್. ಇನ್ನ ಸೊಸಿ ಕೈನೂ ಮುರೀಲೇನು? ಓಣ್ಯಾಗ ಬಗ್ಗಿ ನಿಂತು ಹೆಣ್ಮಗಳು ಹ್ಯಾಂಡಲ್ ಹೊಡಿಯೂದು ನಾ ನೋಡಾಂಗಿಲ್ಲ. ದುಂಡಪ್ಪಾ, ಗುಜರಿಯವಗ ಹೇಳಿ ಕಳಿಸು, ಒಯ್ಯಲಿ."

"ಮತ್ತ ಸೆಲ್ಫ್ ಹಾಕಿದ್ರ, ಯಪ್ಪಾ? ಹ್ಯಾಂಡಲ್ ಬೇಕಾಗಾಂಗಿಲ್ಲ. ಕಾಲಾಗ ಒತ್ತಿದ್ರ ಸಾಕು," ಎಂದೆ ನಾನು.

"ಬನ್ನಿ ಹಬ್ಬದ ಮರುದಿನ ಗುಜರಿಯವ ಬರ್ತಾನ. ಅಷ್ಟರಾಗ ಒತ್ತಿದ್ರ ನಡೀಬೇಕು. ಇಲ್ಲಂದ್ರ ತಗಡ ತಗಡಿಗೆ ಹೋಗ್ಲಿ."

ವಿಜಾಪುರಕ್ಕೆ ಹೋದ ದಿನ ನಿನ್ನ ಸುಟ್ಟ ಮೋಟಾರನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ, ಅಳತೆಗೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಸಿಕ್ಕಿತು. ಬೋಲ್ಟಿನ ತೂತು ಸರಿ, ಉದ್ದ ಸರಿ, ತುದಿಯ ಹಲ್ಲಿನ ಗಾಲಿಯೂ ನಿನ್ನದರ ಅವಳಿಯ ಹಾಗೆ. ಜಗತ್ತನ್ನೇ ಗೆದ್ದವನಂತೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಷ್ಟಮಿಯ ದಿನ ಕೂಡಿಸಿದೆ. ತಂತಿ ಬಿಗಿದೆ. ಒತ್ತಿದೆ. ತಿರುಗಿತು! ಎಂಜಿನ್ನೂ ತಿರುಗಿತು! ಆದರೆ ಫ್ಯಾನು… ಫ್ಯಾನು ಉಲ್ಟಾ ತಿರುಗುತ್ತಿತ್ತು ಮಲ್ಲೇಶಿ. ಕಾರ್ಬೊರೇಟರ್ ಬಾಯಿಂದ ಫುಸ್ ಎಂದು ಹೊಗೆ ಹಿಂದಕ್ಕೆ ಉಗುಳಿತು. ಆ ಮೋಟಾರು ಯಾವುದೋ ಬೇರೆ ಎಂಜಿನ್ನಿನದು, ಎಡಕ್ಕೆ ತಿರುಗುವ ಜಾತಿ. ನಮಗೆ ಬಲಕ್ಕೆ ತಿರುಗುವುದು ಬೇಕು.

ಹೆದರಲಿಲ್ಲ ನಾನು. ತಂತಿ ತಿರುವಿದರೆ ದಿಕ್ಕು ತಿರುಗುತ್ತದೆ, ಮತ್ತೇನು? ಬ್ಯಾಟರಿಯ ಪ್ಲಸ್ ತಂತಿಯನ್ನು ಮೈನಸ್ಸಿಗೆ, ಮೈನಸ್ಸಿನದನ್ನು ಪ್ಲಸ್ಸಿಗೆ ಹಾಕಿದೆ. ಒತ್ತಿದೆ. ಮತ್ತೆ ಉಲ್ಟಾ! ಬಿಚ್ಚಿ ಮೊದಲಿನಂತೆ ಹಾಕಿದೆ. ಉಲ್ಟಾ! ನನ್ನ ಕಣ್ಣನ್ನೇ ನಂಬದೆ ಫ್ಯಾನಿನ ಒಂದು ಎಲೆಗೆ ಸುಣ್ಣ ಹಚ್ಚಿ ನೋಡಿದೆ. ಹೀಗೂ ಹಾಗೇ, ಹಾಗೂ ಹಾಗೇ. ಇದು ನಮ್ಮ ಮನೆಯ ಯಾರ ಸ್ವಭಾವ ಎಂದು ಹೇಳಲೇ, ಬೇಡವೇ? ಅಪ್ಪ ಕಟ್ಟೆಯ ಮೇಲಿಂದ ನೋಡುತ್ತಿದ್ದ.

ಮರುದಿನ ನವಮಿ, ಆಯುಧಗಳ ಖಂಡೇ ಪೂಜೆ. ಎದ್ದು ನೋಡಿದರೆ ಸ್ಪ್ಯಾನರು, ಸುತ್ತಿಗೆ, ನಿನ್ನ ಕೈಯ ಪಕ್ಕಡ, ಕೊನೆಗೆ ಬಿಚ್ಚಿಟ್ಟ ಆ ಮೋಟಾರೂ ದೇವರ ಮುಂದೆ! ಕುಂಕುಮ, ಭಂಡಾರ, ಚೆಂಡು ಹೂ. ನಾನು ಮೆಲ್ಲಗೆ ಕೈ ಚಾಚಿದೆ.

"ಅವ್ವಾ, ಒಂದ ಸ್ಪ್ಯಾನರ್ ಕೊಡ ಬೇ."

"ಮುಟ್ಟಿ ನೋಡು! ಇವತ್ತ ಅವು ದೇವ್ರು. ನಾಳಿ ಸ್ಪ್ಯಾನರ್."

ಕೈ ಕಟ್ಟಿ ಕುಳಿತೆ. ಊಟ ಸೇರಲಿಲ್ಲ. ನಿನಗೆ ಗೊತ್ತಲ್ಲ, ಶಾಂತವ್ವ ಈ ಮನೆಗೆ ಬಂದಾಗಿನಿಂದ ನನ್ನ ಎದುರು ಬಾಯಿ ತೆರೆದವಳಲ್ಲ. ಗಂಡನ ಅಣ್ಣನ ಮುಂದೆ ಮಾತಾಡಬಾರದು ಎನ್ನುವುದು ನಮ್ಮಲ್ಲಿಯ ರಿವಾಜು. ನಾನೂ ಆಕೆಗೆ ನೇರ ಒಂದು ಮಾತು ಆಡಿದವನಲ್ಲ. ಏನಿದ್ದರೂ ನಡುವೆ ಅವ್ವ. ಅಂದೂ ಆಕೆ ಅಡುಗೆಮನೆಯ ಬಾಗಿಲ ಮರೆಯಿಂದ ಕೇಳಿದಳು: "ಅತ್ತೀ, ಭಾವಾರು ಯಾಕ ಉಂಡಿಲ್ಲ ಕೇಳ್ರಿ."

"ಯಾಕ ಉಂಡಿಲ್ಲಂತ?" ಎಂದಳು ಅವ್ವ.

"ಆಕಿಗೆ ಹೇಳ ಬೇ, ತಂತಿ ಉಲ್ಟಾ ಹಾಕಿದ್ರೂ ಮೋಟಾರು ಅದಾ ಕಡೆ ತಿರಗಾಕತ್ತೈತಿ. ಯಾಕಂತ ತಿಳಿವಲ್ದು. ತಲಿ ಕೆಟ್ಟೈತಿ."

"ತಲಿ ಕೆಟ್ಟೈತಂತ ನೋಡವಾ," ಎಂದಷ್ಟೇ ಅವ್ವ ಮುಟ್ಟಿಸಿದಳು.

ಒಳಗಿನಿಂದ ಸಣ್ಣಗೆ ನಗು ಕೇಳಿತು. ನೀನು ಹೋದ ಮೇಲೆ ಮೊದಲ ಸಲ. ಆಮೇಲೆ: "ಅತ್ತೀ, ಅದರೊಳಗ ಸುರುಳಿ ಎರಡು ನಮೂನಿ ಅದಾವಲ್ರಿ? ಒಂದು ಕುಂತಿದ್ದು, ಒಂದು ತಿರಗೂದು. ನಿಮ್ಮ ಮಗ ಅಂತಿದ್ರು, ಅವು ಗಂಡ-ಹೆಂಡ್ತಿ ಇದ್ದಾಂಗ, ಇಬ್ರೂ ಕೂಡೇ ಮಾರಿ ತಿರುವಿದ್ರ ಏನೂ ಬದಲಾಗಾಂಗಿಲ್ಲ, ಒಬ್ರಾದ್ರೂ ಹಾಂಗಾ ಇರಬೇಕು ಅಂತ. ಬ್ಯಾಟರಿ ತಂತಿ ತಿರುವಿದ್ರ ಇಬ್ರೂ ತಿರುವಿದಂಗ ಆತಲ್ರಿ?"

ಅವ್ವ ಆಕೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇಷ್ಟೆಲ್ಲಾ ನಾ ಹ್ಯಾಂಗ ಹೇಳ್ಲೇ ಯವ್ವಾ? ಅವಾ ಇಲ್ಲೇ ಕುಂತಾನ. ಕೇಳಿಸ್ಕೊಂಡಾನ ತಗೋ."

ಕೇಳಿಸಿಕೊಂಡೆ. ಅರ್ಥವಾಯಿತೇ? ಅರ್ಧ. ಈಗಲೂ ಅರ್ಧವೇ. ನೀನು ಮೋಟಾರಿನ ಮಾತು ಹೇಳಿದ್ದೆಯೋ, ಆಕೆಯ ಸಿಟ್ಟು ಇಳಿಸಲು ಗಂಡ-ಹೆಂಡತಿಯ ಮಾತು ಹೇಳಿದ್ದೆಯೋ?

ಬನ್ನಿ ಹಬ್ಬದ ದಿನ, ದಶಮಿಯ ಬೆಳಿಗ್ಗೆ ಅವ್ವ ಮಂಗಳಾರತಿ ಮಾಡಿ ಆಯುಧ ಇಳಿಸಿದ ಕೂಡಲೇ ಕುಳಿತೆ. ಕುಂತ ಸುರುಳಿಯ ಎರಡು ತುದಿಗಳನ್ನಷ್ಟೇ ಅದಲುಬದಲು ಮಾಡಿ, ಒಲೆಯ ಕೆಂಡದಲ್ಲಿ ಕಾಯಿಸಿದ ಕಬ್ಬಿಣದಿಂದ ಬೆಸುಗೆ ಹಾಕಿದೆ. ಕೈಯಲ್ಲಿ ಹಿಡಿದು ಬ್ಯಾಟರಿಗೆ ಮುಟ್ಟಿಸಿದೆ. ಬಲಕ್ಕೆ ತಿರುಗಿತು! ಆದರೆ ಅದರ ತುದಿಯ ಹಲ್ಲಿನ ಗಾಲಿ ಎಡದ ತಿರುಪಿನದು, ಈಗ ಮುಂದಕ್ಕೆ ಜಿಗಿದು ಎಂಜಿನ್ನಿನ ಗಾಲಿಯನ್ನು ಕಚ್ಚಲೊಲ್ಲದು. ಮತ್ತೆ ತಲೆಗೆ ಕೈ. ಆಮೇಲೆ ಚೀಲದಲ್ಲಿದ್ದ ನಿನ್ನ ಮೋಟಾರು ಕಣ್ಣಿಗೆ ಬಿತ್ತು. ಸುಟ್ಟಿದ್ದು ಅದರ ಸುರುಳಿ, ಗಾಲಿಗೇನಾಗಿತ್ತು? ಅದನ್ನು ಬಿಚ್ಚಿ ಇದಕ್ಕೆ ಏರಿಸಿದೆ.

ಮಧ್ಯಾಹ್ನ ಒತ್ತಿ ನೋಡುವ ಹೊತ್ತು. ನಾನು ಎಂಜಿನ್ನಿನ ಮೇಲೆ ಬಗ್ಗಿದ್ದೆ, ಶಾಂತವ್ವ ನಿನ್ನ ಜಾಗದಲ್ಲಿ, ನಡುವೆ ಅವ್ವ. "ಒತ್ತಂತ ಹೇಳ ಬೇ." "ಒತ್ತಂತವಾ." "ಒತ್ತಲೇನ್ರಿ ಅತ್ತೀ?" "ಒತ್ತಲೇನಂತ, ದುಂಡಪ್ಪಾ." ಇಷ್ಟರಲ್ಲಿ ಆಕೆ ಒತ್ತಿಯೇಬಿಟ್ಟಳು. ಎಂಜಿನ್ನು ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು ನೋಡು! ಆ ಗದ್ದಲದಲ್ಲಿ ನನ್ನ ಹೆಗಲ ವಸ್ತ್ರ ಜಾರಿ ಫ್ಯಾನಿನ ಕಡೆಗೆ ಹೊರಟಿದ್ದು ನನಗೆ ತಿಳಿಯಲೇ ಇಲ್ಲ.

"ಭಾವಾರ! ಹಿಂದಕ್ಕ ಸರೀರಿ!"

ಸರಿದೆ. ವಸ್ತ್ರ ಉಳಿಯಿತು, ಕುತ್ತಿಗೆ ಉಳಿಯಿತು. ಅವ್ವ ನನ್ನ ಮುಖ ನೋಡಿದಳು, ಈಗೇನು ಮಾಡುತ್ತಾನೆ ಎಂದು. ನಾನೇನು ಮಾಡಬೇಕಿತ್ತು, ಮಲ್ಲೇಶಿ? ಸಿಟ್ಟಾಗಬೇಕಿತ್ತೇ, ಕೇಳದವನಂತೆ ಇರಬೇಕಿತ್ತೇ? "ಹೂನವಾ" ಎಂದೆ. ಅದೇ ನಾನು ಆಕೆಗೆ ಆಡಿದ ಮೊದಲ ಮಾತು.

ಮರುದಿನ ಬೆಳಗಾಗುತ್ತಲೇ ಕಳ್ಳಕವಟಗಿಯಿಂದ ಸೈಕಲ್ ಮೇಲೆ ಕರೆ ಬಂತು. ಶಾಂತವ್ವ ಚೀಲ ತೆಗೆದುಕೊಂಡು ಅಪ್ಪನ ಮುಂದೆ ನಿಂತಳು. ಅಪ್ಪ ಗಾಡಿಯನ್ನು ನೋಡಿದ, ಆಕೆಯನ್ನು ನೋಡಿದ. "ನಿಮ್ಮತ್ತಿನ್ನ ಬಾಜೂಕ ಕುಂಡ್ರಿಸ್ಕೊ," ಎಂದ. ಅವ್ವ ಕಣ್ಣು ಮುಚ್ಚಿಕೊಂಡು ಕುಳಿತಳು. ಗಾಡಿ ಹೋಯಿತು.

ಬಿಸಿಲೇರಿದ ಮೇಲೆ ಗುಜರಿಯವನು ಬಂದ. ಬೇವಿನ ಗಿಡದ ಕೆಳಗೆ ಎಣ್ಣೆಯ ಕಲೆಯಷ್ಟೇ ಇತ್ತು.

"ಎಲ್ಲೈತ್ರಿ ಯಜಮಾನ್ರ, ಗಾಡಿ?"

"ಕೆಲಸಕ್ಕ ಹೋಗೈತಿ."

"ಕೊಡ್ತೀನಿ ಅಂದಿದ್ರಲ್ರಿ ಮತ್ತ?"

"ಅಂದಿದ್ದೆ. ನಿಂತ ಗಾಡಿ ಕೊಡ್ತೀನಿ ಅಂದಿದ್ದೆ. ನಿಂತೈತೇನು ನೋಡು!" ಎಂದ ಅಪ್ಪ. "ಬಾ, ಚಾ ಕುಡದು ಹೋಗು."

ಮಧ್ಯಾಹ್ನ ಗಾಡಿ ಮರಳಿತು. ಅವ್ವ ಇಳಿದು ಸೊಂಟ ಹಿಡಿದುಕೊಂಡು ನೀರಿಗೆಂದು ಒಳಗೆ ಹೋದಳು. ಶಾಂತವ್ವ ಇಳಿಯಲಿಲ್ಲ. ಎಂಜಿನ್ನು ಆರಿಸಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು, ಮುಂದಿನ ಗಾಜನ್ನು ನೋಡುತ್ತ ಹೇಳಿದಳು: "ಹೆಣ್ಣು ಕೂಸು. ತಾಯಿ-ಮಗಳು ಇಬ್ರೂ ಆರಾಮ ಅದಾರ್ರಿ."

ಗಿಡದ ಕೆಳಗೆ ನಾನೊಬ್ಬನೇ ಇದ್ದೆ. ನನಗೇ ಹೇಳಿದಳು ಎಂದುಕೊಂಡೆ. ಆದರೆ ಭಾವ ಎನ್ನಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಹಳ್ಳಿಯಿಂದ ಬರುವಾಗ ದಿನವೂ ಪಕ್ಕದಲ್ಲಿರುತ್ತಿದ್ದ ನಿನಗೆ ಹೇಳುತ್ತಿದ್ದ ದನಿಯೇ ಇರಬೇಕು ಅದು ಎಂದೂ ಅನ್ನಿಸಿತು. ಯಾರಿಗೆ ಹೇಳಿದಳೋ ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ. ನಿನಗೇ ಇದ್ದರೆ ನನ್ನಲ್ಲಿ ಉಳಿಯಬಾರದಲ್ಲ, ಅದಕ್ಕೇ ಈ ಪತ್ರ. ಹೆಣ್ಣು ಕೂಸು, ಮಲ್ಲೇಶಿ. ತಾಯಿ-ಮಗಳು ಇಬ್ಬರೂ ಆರಾಮ ಇದ್ದಾರಂತೆ.

ನಿನ್ನ ಅಣ್ಣ,
ದುಂಡಪ್ಪ