ಕೊನೆಯ ಪುಟದ ಆರೋಪ ಬಿಟ್ಟುಹೋಗಿದೆ

ಮಾನ್ಯ ಪ್ರಾಂಶುಪಾಲರೇ,

ಕಾಲೇಜಿನ ನಗೆಪತ್ರಿಕೆಯನ್ನು ನಿಲ್ಲಿಸಿ, ಅದರ ಸಂಪಾದಕನಾದ ನನ್ನನ್ನು ಎರಡು ವಾರ ತರಗತಿಯಿಂದ ಹೊರಗಿಟ್ಟಿದ್ದೀರಿ. ಶಿಕ್ಷೆಯ ಬಗ್ಗೆ ತಕರಾರಿಲ್ಲ, ಇರುವುದು ಆರೋಪದ ಬಗ್ಗೆ. ತಮ್ಮ ಕುರ್ಚಿಗೆ ಸೀಟ್ ಬೆಲ್ಟ್ ಹಾಕಿದ ವ್ಯಂಗ್ಯಚಿತ್ರದಿಂದ 'ಸಂಸ್ಥೆಯ ಘನತೆಗೆ ಧಕ್ಕೆ' ಬಂದಿದೆ ಎಂದು ಶಿಸ್ತು ಸಮಿತಿ ನಾಲ್ಕು ಹಾಳೆ ಬರೆದಿದೆ. ಒಂದು ಚಿತ್ರಕ್ಕೆ ಅಲುಗಾಡುವ ಘನತೆಗೆ ಬೆಲ್ಟ್ ಬೇಕೇ ಬೇಕಲ್ಲವೇ? ಇರಲಿ ಬಿಡಿ, ಈ ಚಾಳಿಯೇ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು.

ಆದರೆ ಕೊನೆಯ ಪುಟದ ಬಗ್ಗೆ ಸಮಿತಿ ಚಕಾರವೆತ್ತಿಲ್ಲ.

ಆ ಪುಟದಲ್ಲಿದ್ದದ್ದು ಕಚೇರಿಯ ಅಟೆಂಡರ್, ನಾವೆಲ್ಲ 'ಗಂಟೆ ಮಾಮ' ಎಂದು ಕರೆಯುವವರು. ತರಗತಿಯಿಂದ ತರಗತಿಗೆ ಹೋಗಿ ಸುತ್ತೋಲೆ ಓದುವುದು ಅವರ ಕೆಲಸ. ಅವರಿಗೆ ಉಗ್ಗು ಇದೆ. ನಾನು ಒಂದು ರಜೆಯ ಸುತ್ತೋಲೆಯನ್ನು ಅವರು ಉಗ್ಗುವಂತೆಯೇ ಅಕ್ಷರ ಬಿಡಿಸಿ ಬರೆದೆ. ಓದಿ ಮುಗಿಸುವಷ್ಟರಲ್ಲಿ ರಜೆಯೇ ಮುಗಿದಿತ್ತು ಎಂಬ ಕೊನೆಯ ಸಾಲು ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಾವೂ ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಚೆನ್ನಾಗಿದೆ' ಎಂದು ಬರೆದಿರಿ. ಕುರ್ಚಿಯ ಚಿತ್ರವನ್ನು ಆಮೇಲೆ ಸೇರಿಸಿದ್ದರಿಂದ ಅದಕ್ಕೆ ಆ ಭಾಗ್ಯ ಸಿಗಲಿಲ್ಲ.

ನಿಯಮದ ಪ್ರಕಾರ ಪ್ರತಿಯೊಂದು ಪ್ರತಿಯ ಕೊನೆಯ ಪುಟಕ್ಕೆ 'ಅನುಮತಿಸಲಾಗಿದೆ' ಎಂಬ ಮೊಹರು ಬೀಳಬೇಕು. ಒತ್ತುವವರು ಗಂಟೆ ಮಾಮನೇ. "ಬೇಗ ಮಾಮ, ಮಧ್ಯಾಹ್ನ ಹಂಚಬೇಕು" ಎಂದು ನಾನು ಮೇಜಿನ ಮುಂದೆ ನಿಂತು ಅವಸರ ಮಾಡುತ್ತಿದ್ದೆ. ಮೊದಲ ಪ್ರತಿಯ ಮೇಲೆ ಅವರ ಕೈ ನಿಂತಿತು. ಓದಿದರು. ಆಮೇಲೆ ಇನ್ನೂರು ಪ್ರತಿಗಳಿಗೂ ಮೊಹರು ಒತ್ತಿದರು, ಒಂದೂ ಸೊಟ್ಟಗಾಗಲಿಲ್ಲ. ಅವರಿಗೂ ಹಿಡಿಸಿತು ಎಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಈಗ ಅವರು ಸುತ್ತೋಲೆಗಳನ್ನು ಫಲಕಕ್ಕೆ ಅಂಟಿಸಿ ಸುಮ್ಮನೆ ಹೋಗುತ್ತಾರೆ. ತನ್ನನ್ನು ಹಳೆಯ ಕಡತಗಳ ಉಗ್ರಾಣದ ಕೆಲಸಕ್ಕೆ ಹಾಕಿ ಎಂದು ಅವರು ಕೊಟ್ಟ ಅರ್ಜಿ ತಮ್ಮ ಮೇಜಿನ ಮೇಲಿದೆ. ನಾನು ಕ್ಷಮೆ ಕೇಳಲು ಹೋದೆ, ಅದಕ್ಕೂ ಒಂದು ಪುಟ ಭಾಷಣ ಬರೆದುಕೊಂಡು! ಎರಡನೇ ಸಾಲಿಗೇ ನಾನು ತಡವರಿಸಿದೆ. ಅವರು ನಗಲಿಲ್ಲ, ಕಾದರು.

"ನಿನ್ನ ಮೇಲೆ ಸಿಟ್ಟಿಲ್ಲಪ್ಪ" ಎಂದರು. "ಇಪ್ಪತ್ತು ವರ್ಷ ಓದಿದೀನಿ. ಮಕ್ಕಳು ಕಾಯ್ತಿದ್ರು. ಈಗ ನಾನು ಬಾಯಿ ತೆಗೆಯೋ ಮೊದಲೇ ನಗ್ತಾರೆ."

ಇದನ್ನು ಅವರು ಹೇಳಿದ ಹಾಗೆಯೇ ಬರೆದು ತೋರಿಸುವ ಜಾಣತನ ಈಗ ನನ್ನಲ್ಲಿ ಉಳಿದಿಲ್ಲ. ನಾಚಿಕೆಯಾಗಿದೆ, ಅಷ್ಟೇ.

ಆದ್ದರಿಂದ ಆರೋಪಪಟ್ಟಿಯನ್ನು ತಿದ್ದಿ. ಕುರ್ಚಿ ಅಲ್ಲೇ ಇರಲಿ, ಕೊನೆಯ ಪುಟವನ್ನೂ ಸೇರಿಸಿ. ಕೆಂಪು ಶಾಯಿಯನ್ನೂ ಸೇರಿಸುವ ಧೈರ್ಯ ಸಮಿತಿಗಿದ್ದರೆ ಇನ್ನೂ ಸಂತೋಷ. ಹದಿನಾಲ್ಕು ತರಗತಿಗಳ ಬಾಗಿಲಲ್ಲೂ ನನ್ನನ್ನು ನಿಲ್ಲಿಸಿ ಕ್ಷಮಾಪಣೆ ಓದಿಸಿ. ಮಾಮನ ಅರ್ಜಿಗೆ ಸಹಿ ಹಾಕುವ ಮುನ್ನ ಅವರನ್ನು ಕರೆದು ಕೂರಿಸಿ, ಉಗ್ರಾಣ ನಿಜಕ್ಕೂ ಬೇಕೇ ಎಂದು ಒಮ್ಮೆ ಕೇಳಿ. ಉತ್ತರ ಬರಲು ಹೊತ್ತಾಗಬಹುದು. ದಯವಿಟ್ಟು ಅವರ ಮಾತನ್ನು ತಾವು ಮುಗಿಸಬೇಡಿ.

ಇಂತಿ,
ಇನ್ನೂರು ಜನರನ್ನು ನಗಿಸಿ ಒಬ್ಬರ ಬಾಯಿ ಮುಚ್ಚಿಸಿದ
ಮಾಜಿ ಸಂಪಾದಕ