ಮೋತ್ಯಾನ ನಿದ್ದೆಯ ಉಸಿರು

ಅಪ್ಪಾ,

ಹೇಗಿದ್ದೀ, ಊಟ ಆಯಿತಾ ಎಂದು ಕೇಳುವ ರೂಢಿ ನಮ್ಮಿಬ್ಬರ ನಡುವೆ ಯಾವತ್ತೂ ಇರಲಿಲ್ಲ. ಈಗ ಕೇಳಿದರೆ ನೀನೇ ನಗುತ್ತೀ. ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ನಾಯಿ ಮೋತ್ಯಾ ಉಳಿಯುವುದಿಲ್ಲ.

ದಾನೋಳಿಯಲ್ಲಿ ಗೊಬ್ಬರಕ್ಕೆಂದು ಒಬ್ಬರ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವಲ್ಲ, ನೆನಪಿದೆಯಾ? ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗಿದ್ದ ಮೋತ್ಯಾ ಇದ್ದಕ್ಕಿದ್ದಂತೆ ಬುಸುಬುಸು ಉಸಿರಾಡತೊಡಗಿದ. ಕಾಲು ಝಾಡಿಸಿದ, ಬಾಯಿ ಮುಚ್ಚಿಕೊಂಡೇ ಬೊಗಳಿದ. ನಾನು ಹೆದರಿ ಕೂಗಿದರೆ ನೀನು ತಂಬಾಕು ತಿಕ್ಕುತ್ತಾ, "ಏ ಹುಚ್ಚಿ, ಸುಮ್ಕಿರ. ಕನಸಿನ್ಯಾಗ ಕುರಿ ತಿರಗ್ಸಾಕತ್ತಾನ. ನಿದ್ದ್ಯಾಗೂ ದುಡೀತಾನ, ನನ್ನಂಗ" ಅಂದಿದ್ದೆ. ಸ್ವಲ್ಪ ಹೊತ್ತಿಗೆ ಉಸಿರು ತಾನೇ ತಣ್ಣಗಾಯಿತು. ಅಂದಿನಿಂದ ಆ ಮಾತು ನಮ್ಮ ಮನೆಯಲ್ಲಿ ವೇದವಾಯಿತು.

ನೀನು ಹೋದ ಮೇಲೆ ಕುರಿ ಹಿಂಡು ಮುರಗೂಡದ ಕಾಕಾನ ಪಾಲಾಯಿತು. ಮೋತ್ಯಾ ಹೋಗಲಿಲ್ಲ. ಎಳೆದುಕೊಂಡು ಹೋದರೂ ತಿರುಗಿ ಬಂದ. ಹಗಲೆಲ್ಲ ಹೊಸ್ತಿಲ ಹತ್ತಿರ ನಿದ್ದೆ, ನಿದ್ದೆಯಲ್ಲಿ ಅದೇ ಬುಸುಬುಸು. ರೊಟ್ಟಿ ಹಾಕಲು ನಾನು ಎಬ್ಬಿಸಹೋದರೆ ಅವ್ವ ತಡೆಯುತ್ತಿದ್ದಳು. "ಎಬ್ಬಸಬ್ಯಾಡ. ನಿಮ್ಮಪ್ಪನ ಕೂಡ ಅಡವಿಗೆ ಹೋಗ್ಯಾನ. ಬರ್ತಾನ ತಗೋ." ಊರವರನ್ನೆಲ್ಲ ಚಾಷ್ಟಿ ಮಾಡಿ ನಗುತ್ತಲೇ ದಿನ ತೆಗೆಯುವ ನಾನೂ ರೊಟ್ಟಿಯನ್ನು ಅವನ ಪಕ್ಕದಲ್ಲಿಟ್ಟು ಬರುತ್ತಿದ್ದೆ. ಖರೆ ಹೇಳಲಾ? ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚು. ಒಂದು ದಿನವಾದರೂ ನನ್ನ ಕನಸಿಗೆ ಬಂದಿದ್ದೀಯಾ ನೀನು?

ಹೋದ ವಾರ ಅವನಿಗೆ ಕೆಮ್ಮು ಶುರುವಾಯಿತು. ಮಲಗಲಾಗದೆ ಕೂತಲ್ಲೇ ತೂಕಡಿಸಿದ. ಟೆಂಪೋದಲ್ಲಿ ಹಾಕಿಕೊಂಡು ಗಡಹಿಂಗ್ಲಜಕ್ಕೆ ಹೋದೆ. ಡಾಕ್ಟರರ ಮುಂದೆ ನಾನು ಜಾಣೆಯಂತೆ ನಿನ್ನ ಕನಸಿನ ಕತೆ ಹೇಳಿದೆ. ಅವರು ಅವನ ಪಕ್ಕೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. "ಸ್ವಪ್ನ ನಾಹೀ ಹೇ," ಅಂದರು, ಇದು ಕನಸಲ್ಲವಂತೆ. ಕನಸಿನ ಉಸಿರು ಸ್ವಲ್ಪ ಓಡಿ ನಿಲ್ಲುತ್ತದಂತೆ. ಇದು ನಿಲ್ಲುವಂಥದ್ದಲ್ಲ. ಹೃದಯ ಸೋತಿದೆ, ಪುಪ್ಪುಸಕ್ಕೆ ನೀರು ಇಳಿದಿದೆ. ಗುಳಿಗೆ ಕೊಟ್ಟರೆ ಕೆಲವು ದಿನ ಸಲೀಸು, ಅಷ್ಟೇ. ಅಂದರೆ ಇಷ್ಟು ತಿಂಗಳು ಅವನು ನಿನ್ನ ಜೊತೆ ಅಡವಿಯಲ್ಲಿದ್ದಾನೆ ಎಂದು ನಾವು ಖುಷಿಪಡುತ್ತಿದ್ದಾಗ, ಅವನು ನಮ್ಮ ಹೊಸ್ತಿಲಲ್ಲೇ ಉಸಿರಿಗಾಗಿ...

ಅವ್ವನಿಗೆ ಹೇಳಬಾರದೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದೆ. "ವಯಸ್ಸಾಗೇತಿ ಅಂದ್ರು, ಮತ್ತೇನಿಲ್ಲ" ಅಂದೆ. ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲೇ ಇಲ್ಲ.

"ಸುಳ್ಳ ಹೇಳಬ್ಯಾಡ. ಕಡೀಕ ನಿಮ್ಮಪ್ಪನ ಉಸರೂ ಹಿಂಗ ಇತ್ತು. ನನಗ ಮೊದಲ ಗೊತ್ತಾಗಿತ್ತು."

"ಮತ್ತ ಕನಸ ಅಂತ ಯಾಕ ಅಂತಿದ್ದಿ?"

"ಮತ್ತೇನ ಅನ್ಲಿ? ಇನ್ನೊಮ್ಮಿ ಅದನ್ನ ನೋಡೂ ತಾಕತ್ತ ಇರಲಿಲ್ಲವ್ವಾ ನನಗ."

ಅವಳ ಪಕ್ಕದಲ್ಲಿ ಕೂತು ಜೋಳದಲ್ಲಿ ಕಲ್ಲು ಹುಡುಕಿದೆ. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಈಗ ಮಧ್ಯಾಹ್ನ. ಮೋತ್ಯಾ ಗೋಡೆಗೆ ಆತು ಕೂತಿದ್ದಾನೆ. ಗುಳಿಗೆ ಉಗುಳಿಬಿಟ್ಟ. ಅವನ ಮಗ್ಗುಲಲ್ಲೇ ಅವ್ವನಿಗೆ ಜೋಂಪು ಹತ್ತಿದೆ. ಇದನ್ನು ಬರೆಯುತ್ತಾ ಇಬ್ಬರ ಉಸಿರನ್ನೂ ಕೇಳುತ್ತಿದ್ದೇನೆ. ಅವ್ವನದೂ ಜೋರಾಗಿದೆ, ಅಪ್ಪಾ. ಬಹಳ ಹೊತ್ತಾಯಿತು, ನಿಂತಿಲ್ಲ. ನಿನ್ನದನ್ನು ದಣಿವು ಅಂದೆವು, ಇವನದನ್ನು ಕನಸು ಅಂದೆವು. ಇವಳದಕ್ಕೆ ನಾನು ಯಾವ ಹೆಸರೂ ಇಡುವುದಿಲ್ಲ. ಬೈದರೂ ಸರಿ, ಅತ್ತರೂ ಸರಿ, ನಾಳೆ ಮೊದಲ ಬಸ್ಸಿಗೆ ಇವಳನ್ನು ಕೊಲ್ಹಾಪುರದ ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ.