ಗೋಡೆಯ ಹಿಂಬದಿ

ಮಾರ್ಚ್ 3, ಸೋಮವಾರ

ಮತ್ತೆ ಅಂಟಿನ ವಾಸನೆ. ಬೆಳಗಿನ ಕಾಫಿಗೂ ಅದೇ.

ಚಿಕ್ಕ ಕೋಣೆ ಖಾಲಿ ಮಾಡಿದ್ದಾಯಿತು. ಮೂರು ಕಿರೀಟ, ಕಾಲು ಮುರಿದ ಸಿಂಹಾಸನ, ಒಂದು ಚೀಲ ಮರದ ಕತ್ತಿ. ನಾಟಕ ಕಂಪನಿಯ ಪ್ರಾಪರ್ಟಿ ಎಲ್ಲ ನನ್ನ ಸುಪರ್ದಿ, ನಿಜ. ಅದು ಮನೆಗೆ ಬಂದು ಸೇರಿದ್ದು ಮಾತ್ರ ಇವರ ದೆಸೆಯಿಂದ. ಸೀನರಿ ಕಟ್ಟುವವನನ್ನು ಕಟ್ಟಿಕೊಂಡರೆ ಹೀಗೇ.

ಕೂಸನ್ನು ನೋಡಿ ಬಂದು ವಾರವಾಯಿತು. ದತ್ತು ಆಫೀಸಿನ ಮೇಡಂ ಎತ್ತಿ ನನ್ನ ಕೈಗೆ ಕೊಟ್ಟರು. ಇವರು ಏನು ಮಾಡಬೇಕೆಂದು ತೋಚದೆ ಜೇಬಿನಿಂದ ಟೇಪು ತೆಗೆದು ಮಗುವಿನ ಅಳತೆ ತೆಗೆದರು. "ತೊಟ್ಟಿಲಿಗೆ ಬೇಕಲ್ಲ ಮೇಡಂ" ಅಂತ ಸಮಜಾಯಿಷಿ ಬೇರೆ. ಕೂಸು ಟೇಪಿನ ತುದಿ ಹಿಡಿದುಕೊಂಡಿತು, ಬಿಡಲೇ ಇಲ್ಲ. ಮೇಡಂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಇಪ್ಪತ್ತನೇ ತಾರೀಖು ಅವರು ಮನೆ ನೋಡಲು ಬರುತ್ತಾರೆ. ಒಪ್ಪಿದರೆ ಕೂಸು ನಮ್ಮದು. ಜೂನ್‌ಗೆ ಇವರ ವಯಸ್ಸು ದತ್ತು ಆಫೀಸಿನವರ ಮಿತಿ ದಾಟುತ್ತದೆ. ಇನ್ನೊಂದು ಸಲ ಅನ್ನುವುದಿಲ್ಲ.

ಮಾರ್ಚ್ 5, ಬುಧವಾರ

ಸಿಂಹಾಸನ ಸರಿಸಿದ ಮೇಲೆ ಕಂಡದ್ದು — ಬಚ್ಚಲ ಕಡೆಯ ಗೋಡೆ ಪೂರ್ತಿ ತೇವ. ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು. ಬೆರಳಿಟ್ಟರೆ ಸುಣ್ಣ ಉದುರುತ್ತದೆ. ಒಳಗೆ ಎಲ್ಲೋ ಪೈಪು ಸೋರುತ್ತಿದೆ.

"ಪ್ಲಂಬರ್‌ನ ಕರೀರಿ" ಅಂದೆ.

"ಗೋಡೆ ಒಡೆದ್ರೆ ತಿಂಗಳು ಹಿಡಿಯತ್ತೆ ಕಣೇ. ಮೇಡಂ ಬರೋದು ಇಪ್ಪತ್ತಕ್ಕೆ. ಮುಂದೆ ಒಂದು ಕ್ಯಾನ್ವಾಸ್ ನಿಲ್ಲಿಸ್ತೀನಿ. ಕೂಸು ಬರೋದರೊಳಗೆ ರಿಪೇರಿ ಮಾಡಿಸೋಣ."

"ಹಿಂದೆ ಬೂಷ್ಟು ಇರತ್ತಲ್ಲ."

"ಹಿಂದೆ ಯಾರು ನೋಡ್ತಾರೆ?"

ಮದುವೆಯಾದಾಗಿನಿಂದ ಕೇಳುತ್ತಿರುವ ಮಾತು. ಅರಮನೆ ಕಟ್ಟಿದರೂ ಇದೇ, ಜೈಲು ಕಟ್ಟಿದರೂ ಇದೇ. ಒಪ್ಪಿಕೊಂಡೆ. ಹೊತ್ತಿಲ್ಲ ಅನ್ನುವುದೂ ನಿಜವೇ.

ಮಾರ್ಚ್ 9, ಭಾನುವಾರ

ಕ್ಯಾನ್ವಾಸ್ ಗೋಡೆ ನಿಂತಿತು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಅಂಟು ಬಳಿದು, ಮೇಲೆ ಬಣ್ಣ. ಹುಲ್ಲುಗಾವಲು. ಎರಡು ಮೋಡ. ಕೆಳಗೆ ಸಾಲಾಗಿ ನಡೆಯುವ ಬಾತುಕೋಳಿಗಳು, ತಾಯಿ ಮುಂದೆ, ಮರಿಗಳು ಹಿಂದೆ. ಕೊನೆಯ ಮರಿ ಸಾಲು ಬಿಟ್ಟು ಯಾವುದೋ ಹುಳು ನೋಡುತ್ತ ನಿಂತಿದೆ. ಇವರ ಕೈಯಲ್ಲಿ ದೇವರಿದ್ದಾನೆ, ತಲೆಯಲ್ಲಿ ಇಲ್ಲ.

ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ."

"ಕೂಸು ಹುಟ್ಟಿದೆ ಅತ್ತೆ. ಬರಬೇಕಷ್ಟೇ."

"ಬರಲಿ ಬಿಡಮ್ಮ, ಆಮೇಲೆ ಮಾತಾಡೋಣ."

ನಾಲಿಗೆ ಅಂದರೆ ನಾಲಿಗೆ.

ಮಾರ್ಚ್ 14, ಶುಕ್ರವಾರ

ತೊಟ್ಟಿಲು ಮುಗಿಯಿತು. ಟೇಪಿನ ಅಳತೆಗಿಂತ ಎರಡು ಗೇಣು ಉದ್ದ. "ಬೆಳೆಯತ್ತಲ್ಲ" ಅಂದರು. ನಾಟಕದ ತೊಟ್ಟಿಲಲ್ಲ ಇದು, ಸ್ಕ್ರೂ ಹಾಕಿದ್ದಾರೆ, ಅಂಚು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದಾರೆ. ನಾನೇ ಭಾರ ಹಾಕಿ ನೋಡಿದೆ, ಕದಲಲಿಲ್ಲ. ಹಳದಿ ಕರ್ಟನ್ ಹೊಲಿದೆ, ಒಂದು ಕಡೆ ಗಿಡ್ಡವಾಯಿತು, ಬಿಚ್ಚಿ ಮತ್ತೆ ಹೊಲಿದೆ.

ಅತ್ತೆಯ ಹಾಸಿಗೆ ಕೊಡವಲು ಹೋದರೆ ದಿಂಬಿನ ಕೆಳಗೆ ಉಣ್ಣೆ. ಅರ್ಧ ಹೆಣೆದ ಬಿಳಿ ಕುಲಾವಿ. ಹಾಗೇ ಇಟ್ಟು ಬಂದೆ.

ಕೋಣೆಯಲ್ಲಿ ಸುಮ್ಮನೆ ಕೂತಿದ್ದೆ. ಬಹಳ ಚೆನ್ನಾಗಿದೆ. ಕಿಟಕಿ ಮುಚ್ಚಿದ್ದರೆ ಮಾತ್ರ ಮುಗ್ಗಲು ವಾಸನೆ. ಬೆಳಗಿನಿಂದಲೇ ತೆರೆದಿಡಬೇಕು.

ಭಯವಾಗುತ್ತಿದೆ. ಇಷ್ಟು ಆಸೆ ಪಡಬಾರದು.

ಮಾರ್ಚ್ 20, ಗುರುವಾರ

ಬಂದರು. ಅಡಿಗೆಮನೆ, ಬಚ್ಚಲು, ಮೆಟ್ಟಿಲು — ಎಲ್ಲ ಸರಿ. ಅತ್ತೆ ಹೊಸ ಸೀರೆ ಉಟ್ಟು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕೊನೆಗೆ ಕೋಣೆ. ಮೇಡಂ ಕನ್ನಡಕ ಸರಿ ಮಾಡಿಕೊಂಡು ಗೋಡೆಯ ಹತ್ತಿರವೇ ಹೋದರು.

"ಎಷ್ಟು ಚೆನ್ನಾಗಿದೆ. ಯಾರ ಕೈಯಲ್ಲಿ ಬರೆಸಿದ್ರಿ?"

"ನಾನೇ ಮೇಡಂ."

"ನಿಜವಾಗ್ಲೂ? ನೋಡಿದ್ರೆ ಗೋಡೆ ಮೇಲೇ ಬರೆದ ಹಾಗಿದೆ, ಮುಟ್ಟಿದ್ರೆ ಬಟ್ಟೆ. ಅದು ಹೇಗೆ?"

ಅಷ್ಟೇ. ಅಷ್ಟೇ ಕೇಳಿದ್ದು. ಇವರ ಮುಖ ಊರಗಲವಾಯಿತು. ನಾನು ಕಣ್ಸನ್ನೆ ಮಾಡಿದೆ, ಸೆರಗು ಎಳೆದೆ, ಕೆಮ್ಮಿದೆ. ಊಹೂಂ. ತಮ್ಮ ಕೆಲಸ ಹೊಗಳಿದರೆ ಇವರಿಗೆ ಕಣ್ಣೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. "ಎರಡೇ ಕೊಂಡಿ ಮೇಡಂ, ಒಂದು ನಿಮಿಷದಲ್ಲಿ ಬಿಚ್ಚಬಹುದು, ಮೂಲೆ ಜೋಡಣೆ ನೋಡಿ" ಅಂತ ತಾವೇ ಕಳಚಿ, ತಾವೇ ತಿರುಗಿಸಿ ಹಿಡಿದರು.

ಮೇಡಂ ಮೂಲೆ ಜೋಡಣೆ ನೋಡಲಿಲ್ಲ. ಗೋಡೆ ನೋಡಿದರು. ವಾಸನೆ ಕೋಣೆ ತುಂಬಿತು.

ಆಮೇಲೆ ಇವರಿಗೂ ಕಂಡಿತು. ಕ್ಯಾನ್ವಾಸ್ ಹಿಡಿದುಕೊಂಡೇ ನಿಂತರು, ಎಲ್ಲಿಡಬೇಕೆಂದು ಗೊತ್ತಾಗದೆ.

"ಇದನ್ನ ಮುಚ್ಚಿದ್ರಾ ನೀವು?" ಮೇಡಂ ದನಿ ಏರಿಸಲಿಲ್ಲ. "ಆ ಮಗುವಿಗೆ ಮೊದಲೇ ಎದೆ ಕಟ್ಟತ್ತೆ. ನಿಮಗೆ ಹೇಳಿದ್ದೆ."

ಹೇಳಿದ್ದರು.

ಮಾರ್ಚ್ 21, ಶುಕ್ರವಾರ

ಅತ್ತೆ ಮಗನಿಗೆ ಕಾಫಿ ಕೊಡುತ್ತ "ಮೇಲೆ ಥಳುಕು, ಒಳಗೆ ಹುಳುಕು" ಅಂದರು. ಇವರು ಲೋಟ ಹಾಗೇ ಬಿಟ್ಟು ಎದ್ದು ಹೋದರು. ಅತ್ತೆ ಆಮೇಲೆ ಅತ್ತರು. ನಾನು ಸಮಾಧಾನ ಮಾಡಲಿಲ್ಲ. ನನಗೆ ಇವರ ಮೇಲಿರುವ ಸಿಟ್ಟು ಬರೆದು ಮುಗಿಯುವಂಥದ್ದಲ್ಲ.

ಮಧ್ಯಾಹ್ನ ಆಫೀಸಿನಿಂದ ಫೋನ್. ಗೋಡೆ ಸರಿ ಮಾಡಿಸಿ, ಮತ್ತೆ ಬಂದು ನೋಡುತ್ತಾರಂತೆ. ಆದರೆ ಕೂಸನ್ನು ನಮಗಾಗಿ ಕಾಯಿಸುವ ಹಾಗಿಲ್ಲ. ಸರದಿಯಲ್ಲಿ ಮುಂದಿನ ಮನೆಯವರು ಸಿದ್ಧವಿದ್ದರೆ ಅವರಿಗೆ.

ಮಾರ್ಚ್ 28, ಶುಕ್ರವಾರ

ಗೋಡೆ ಒಡೆದಾಗಿದೆ. ಮನೆಯೆಲ್ಲ ಧೂಳು. ಇವರು ಕಂಪನಿಗೆ ರಜೆ ಹಾಕಿ ಪ್ಲಂಬರ್ ಜೊತೆ ತಾವೂ ಉಳಿ ಹಿಡಿದಿದ್ದಾರೆ. ಅಂಗೈ ಬೊಬ್ಬೆ. ಕೊಳೆತ ಪೈಪು ತೆಗೆದು ಹೊಸದು ಹಾಕಿದರು. ಗಾರೆ ಮೆತ್ತಿಯಾಯಿತು, ಒಣಗಬೇಕು.

ಫ್ಯಾನ್ ಹಗಲೂ ರಾತ್ರಿ ಗೋಡೆಯ ಕಡೆಗೆ. ಇವರು ಗಂಟೆಗೊಮ್ಮೆ ಹೋಗಿ ಅಂಗೈ ಇಟ್ಟು ನೋಡುತ್ತಾರೆ. "ಒಣಗ್ತಿದೆ" ಅನ್ನುತ್ತಾರೆ. ನಾನು ನೋಡಿದರೆ ತಣ್ಣಗೇ ಇರುತ್ತದೆ.

ಏಪ್ರಿಲ್ 4, ಶುಕ್ರವಾರ

ಬೇರೆಯವರಿಗೆ ಕೊಟ್ಟರಂತೆ.

ಮೇಡಂ ತಾವೇ ಫೋನ್ ಮಾಡಿದರು. ಒಳ್ಳೆಯ ಮನೆಯಂತೆ.

ಏಪ್ರಿಲ್ 5

ಗೋಡೆ ಪೂರ್ತಿ ಒಣಗಿದೆ.

ಮೇ 6, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಕೋಣೆಯ ಬಾಗಿಲು ಹಾಕಿಟ್ಟಿದ್ದೇವೆ. ಅತ್ತೆ ದಿನಾ ಆ ಬಾಗಿಲ ಮುಂದೆ ಗುಡಿಸುತ್ತಾರೆ, ಒಳಗೆ ಹೋಗುವುದಿಲ್ಲ.

ಹೊಸ ನಾಟಕದ ಎರಡನೇ ಅಂಕ ಮಗುವಿನ ಕೋಣೆಯಲ್ಲಿ. ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ಒಂದು ಮರದ ಕತ್ತಿ ಎತ್ತಿದ, ಇಳಿಸಿದ. "ಅಕ್ಕ, ಹೇಗೆ ಕೇಳೋದೋ ಗೊತ್ತಾಗ್ತಿಲ್ಲ..."

"ಕೇಳಬೇಡ ಹಾಗಾದ್ರೆ."

"ಅಣ್ಣ ಆಗಲೇ ಹೂಂ ಅಂದ್ರು."

ಮನೆಗೆ ಬಂದು ಕೂಗಾಡಿದೆ. ಆ ಕೋಣೆ ನಿಮ್ಮೊಬ್ಬರದ್ದಾ? ಇವರು ತಲೆ ಎತ್ತಲಿಲ್ಲ. "ಇಲ್ಲಿದ್ರೆ ನನಗೆ ನೋಡೋಕಾಗಲ್ಲ ಕಣೇ." ಸಿಟ್ಟು ಅಲ್ಲಿಗೇ ನಿಂತಿತು. ನನಗೂ ಆಗುವುದಿಲ್ಲ.

ತೊಟ್ಟಿಲು, ಕರ್ಟನ್, ಕ್ಯಾನ್ವಾಸ್ ಎಲ್ಲ ಗಾಡಿಯಲ್ಲಿ ಹೋಯಿತು. ಕುಲಾವಿ ಕೊಡಲಿಲ್ಲ. ನಾಟಕದಲ್ಲಿ ಮಗುವಾಗುವ ಗೊಂಬೆ ಬೋಳು ತಲೆಯಲ್ಲೇ ಇರಲಿ.

ಮೇ 17, ಶನಿವಾರ. ಸಂಜೆ, ರಂಗದ ಪಕ್ಕದ ಸೈಡ್ ವಿಂಗ್

ಮೊದಲ ಪ್ರದರ್ಶನ. ಮೊದಲ ಅಂಕ ಮುಗಿದು ಪರದೆ ಇಳಿದಿದೆ. ಪ್ರಾಪರ್ಟಿ ಮೇಜಿನ ಸಣ್ಣ ದೀಪದಲ್ಲಿ ಬರೆಯುತ್ತಿದ್ದೇನೆ. ತೊಡೆಯ ಮೇಲೆ ಗೊಂಬೆ.

ಇಷ್ಟು ವರ್ಷ ಇಲ್ಲಿ ಕೂತು ನಾನು ನೋಡಿದ್ದೆಲ್ಲ ಹಿಂಬದಿಯೇ. ಜನರಿಗೆ ಅರಮನೆ, ನನಗೆ ಮರದ ಪಟ್ಟಿ, ಮೊಳೆ, ಅಂಟಿನ ಕಲೆ. ಈಗ ಇವರು ಕ್ಯಾನ್ವಾಸ್ ತಂದು ನಿಲ್ಲಿಸಿದರು. ತಲೆ ಎತ್ತಿದೆ.

ಬಣ್ಣ. ಹಿಂಬದಿಗೂ ಬಣ್ಣ. ಅದೇ ಹುಲ್ಲು, ಅದೇ ಮೋಡ, ಅವೇ ಬಾತುಕೋಳಿಗಳು, ಈ ಕಡೆ ನಿಂತವರಿಗೆ ಕಾಣುವ ಹಾಗೆ. ಪಟ್ಟಿಗಳ ಮೇಲೂ ಬಿಡದೆ ಬಳಿದಿದ್ದಾರೆ. ಯಾವಾಗ ಮಾಡಿದರೋ.

"ಹಿಂದೆ ಯಾರು ನೋಡ್ತಾರೆ ರೀ?" ಅಂದೆ. ಚುಚ್ಚಬೇಕೆಂದೇ ಅಂದೆ.

"ನೀನು ನೋಡ್ತೀಯಲ್ಲ."

ಸಾಲನ್ನೇ ನೋಡುತ್ತ ಹೋದೆ. ತಾಯಿ, ಮರಿಗಳು. ಕೊನೆಯ ಮರಿ ಮಾತ್ರ ಬರೀ ಪೆನ್ಸಿಲ್ ಗೆರೆ. ಅದರೊಳಗೆ ಬಟ್ಟೆ ಹಾಗೇ ಬಿಳಿ.

"ಇದೊಂದನ್ನ ಯಾಕೆ ಬಿಟ್ರಿ?"

"ಕೂತೆ ಕಣೇ, ಎರಡು ಸಲ ಕೂತೆ. ಕೈ ಬರಲಿಲ್ಲ."

ಬೆಲ್ ಆಯಿತು. ಗೊಂಬೆ ಮಲಗಿಸಬೇಕು. ತೊಟ್ಟಿಲಿಗೆ ಇದು ತೀರಾ ಚಿಕ್ಕದು. ಇವರು ಕೈ ಚಾಚಿ ಕೇಳುತ್ತಿದ್ದಾರೆ, ನಾನು ಇನ್ನೂ ಕೊಟ್ಟಿಲ್ಲ.